ಕಡ್ಡಿಗೆ ಕೊಟ್ಟ ಕವಚ

ಮಾರ್ಚ್ ೩, ಮಂಗಳವಾರ

ಬರೆದಿಡದಿದ್ದರೆ ಯಾರ ಮೇಲಾದರೂ ಕೂಗಾಡಿಬಿಡುತ್ತೇನೆ. ಬೆಳಿಗ್ಗೆ ಒಬ್ಬ ಗಿರಾಕಿಯ ಮೇಲೆ ಆಗಲೇ ಕೂಗಾಡಿದ್ದಾಗಿದೆ. ಪಾಪ, ಪ್ಯಾಂಟಿನ ಸೊಂಟ ಸಡಿಲ ಮಾಡಿಕೊಡಿ ಎಂದು ಬಂದಿದ್ದ. "ಊಟ ಕಡಿಮೆ ಮಾಡಿ, ಅದೇ ಸಡಿಲ ಆಗುತ್ತೆ" ಎಂದುಬಿಟ್ಟೆ. ಅದಕ್ಕೇ ಈ ಬರವಣಿಗೆ.

ತಂಗಿಯ ಬಲಗೈಯ ಪಟ್ಟಿ ಇವತ್ತು ಬಿಚ್ಚಿದರು. ಅವಳು ಕೆಲಸ ಮಾಡುವ ಸಲೂನಿನ ಗಾಜಿನ ಬಾಗಿಲು ಒಡೆದು ಮಣಿಕಟ್ಟಿನ ನರ ಕತ್ತರಿಸಿಹೋದ ದಿನದಿಂದ ಆ ಕೈಯನ್ನು ನಾನು ಬರಿದಾಗಿ ನೋಡಿರಲಿಲ್ಲ. ಡಾಕ್ಟರರ ಹೊಲಿಗೆ ಅಂಕುಡೊಂಕು. ನನ್ನ ಅಂಗಡಿಯಲ್ಲಿ ಯಾರಾದರೂ ಹಾಗೆ ಹೊಲಿದಿದ್ದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದೆ. ಬಿಗಿಯಾಗಿದೆ, ಅಷ್ಟನ್ನು ಒಪ್ಪಬೇಕು. ಹೆಬ್ಬೆರಳು ತೋರುಬೆರಳನ್ನು ಮುಟ್ಟಲು ಹೊರಟು ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ.

ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ, "ಕೈಗೆ ಕೆಲಸ ಕೊಡಿ. ಏನಾದ್ರೂ ಸರಿ. ಅಂಗಿ ಗುಂಡಿ ಹಾಕ್ಕೊಳ್ಳೋದು, ಬಟ್ಟೆ ಕ್ಲಿಪ್ಪು ಒತ್ತೋದು, ಕಂಪ್ಯೂಟರ್ ಮೌಸ್ ಒತ್ತೋದು" ಎಂದರು. ತಂಗಿಯ ಮುಖ ಅರಳಿದ್ದು ಮೌಸ್ ಎಂಬ ಮಾತಿಗೆ ಮಾತ್ರ.

ಸಲೂನಿನ ಯಜಮಾನಿ ಒಳ್ಳೆಯವಳು, ಆದರೆ ವ್ಯವಹಾರಸ್ಥೆ. ಕಿಟಕಿ ಪಕ್ಕದ ಕುರ್ಚಿ ತಂಗಿಯದು; ಅದನ್ನು ಮೇ ಮೊದಲ ವಾರದವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದಿದ್ದಾಳೆ. ಅಷ್ಟರೊಳಗೆ ತಂಗಿ ಬಂದು ಯಜಮಾನಿಯ ಕಣ್ಣೆದುರಿಗೇ ಒಬ್ಬರ ಕೂದಲು ಕತ್ತರಿಸಿ ತೋರಿಸಬೇಕು. ಆ ಕುರ್ಚಿ ಸಿಗುವ ಮೊದಲು ತಂಗಿ ಎಷ್ಟು ವರ್ಷ ಬೇರೆಯವರು ಉದುರಿಸಿದ ಕೂದಲು ಗುಡಿಸಿದ್ದಾಳೆ ಎಂದು ನನಗೆ ಗೊತ್ತು.

ಮನೆಗೆ ಬಂದವಳೇ ತನ್ನ ಆಟ ತೆರೆದಳು. ಎಲ್ಲೆಲ್ಲೋ ಇರುವ ಜನ ಕಂಪ್ಯೂಟರಿನಲ್ಲಿ ಒಟ್ಟು ಸೇರಿ, ಒಬ್ಬೊಬ್ಬರು ಒಂದೊಂದು ವೇಷ ಕಟ್ಟಿಕೊಂಡು ಕಾಡುಮೇಡು ಅಲೆಯುವ ಆಟ. ತಂಗಿಯ ವೇಷದ ಹೆಸರು ‘ಬಿರುಗಾಳಿ’. ಅವಳ ಗುಂಪಿನಲ್ಲಿ ಬಿರುಗಾಳಿ ಎಂದರೆ ದೊಡ್ಡ ಹೆಸರಂತೆ. ಇವತ್ತು ಬಿರುಗಾಳಿ ಒಂದು ಸೇತುವೆ ದಾಟಲಾಗದೆ ಹೊಳೆಗೆ ಬಿದ್ದಳು. ಮತ್ತೆ ಬಿದ್ದಳು. ಬೆರಳು ಸಮಯಕ್ಕೆ ಒತ್ತಲಿಲ್ಲ. ಆಚೆ ದಡದಲ್ಲಿ ಗುಂಪಿನವರೆಲ್ಲ ಸುಮ್ಮನೆ ಕಾಯುತ್ತಾ ನಿಂತಿದ್ದರು. ತಂಗಿ ಕಂಪ್ಯೂಟರ್ ಮುಚ್ಚಿ ಗೋಡೆ ಕಡೆ ತಿರುಗಿ ಮಲಗಿದಳು.

ಅಮ್ಮ ಹೋದಾಗ ಇವಳ ಹಾಲುಹಲ್ಲು ಬಿದ್ದಿರಲಿಲ್ಲ. ಆಗಿನಿಂದ ಇವಳು ಅತ್ತರೆ ನನಗೆ ಏನಾದರೂ ಮಾಡಲೇಬೇಕು ಅನ್ನಿಸುತ್ತದೆ. ಮಾಡಲು ಏನೂ ಇರಲಿಲ್ಲ. ಇಸ್ತ್ರಿ ಮಾಡಿದ್ದ ಬಟ್ಟೆಗಳನ್ನೇ ಮತ್ತೆ ಇಸ್ತ್ರಿ ಮಾಡಿದೆ.

ಮಾರ್ಚ್ ೬, ಶುಕ್ರವಾರ

ಗುಂಪಿನ ಮುಖ್ಯಸ್ಥ ಫೋನ್ ಮಾಡಿದ್ದ. ಆಟದಲ್ಲಿ ಅವನ ಹೆಸರು ‘ಕಮ್ಮಾರ’. ನಿಜಜೀವನದಲ್ಲಿ ಬ್ರೆಡ್ ವ್ಯಾನ್ ಓಡಿಸುತ್ತಾನಂತೆ. ತಂಗಿ ಇದುವರೆಗೆ ಅವನ ಮುಖ ನೋಡಿಲ್ಲ. ಆದರೂ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರ ಹಾಗೆ ಜಗಳವಾಡುತ್ತಾರೆ.

"ಬಿರುಗಾಳೀನ ಸ್ವಲ್ಪ ದಿನ ಮಲಗಿಸು. ಹೊಸದಾಗಿ ಒಂದು ವೇಷ ಕಟ್ಟು. ಮೊದಲಿಂದ ಶುರು ಮಾಡು" ಎಂದನಂತೆ. ತಂಗಿ ಒಪ್ಪಿದಳು. ಹೊಸ ವೇಷಕ್ಕೆ ‘ಕಡ್ಡಿ’ ಎಂದು ಹೆಸರಿಟ್ಟಳು.

ನಾನು ಬೆನ್ನ ಹಿಂದೆ ನಿಂತು ನೋಡಿದೆ. ಬಿರುಗಾಳಿಗೆ ಎಂಥ ಬೆಳ್ಳಿ ಅಂಚಿನ ನಿಲುವಂಗಿ ಇತ್ತು! ಈ ಕಡ್ಡಿಗೆ ಗೋಣಿತಾಟಿನ ಅಂಗಿ, ಬರಿಗಾಲು, ಕೈಯಲ್ಲಿ ಒಂದು ಕೋಲು. ಊರಬಾವಿಯ ಹತ್ತಿರ ನಿಂತಿದ್ದಾಳೆ. ಒಂದು ಹೆಬ್ಬಾತು ಬಂತು. ಹೊಸಬರು ಮೊದಲು ಹೆಬ್ಬಾತುಗಳನ್ನು ಓಡಿಸಿ ಕಲಿಯಬೇಕಂತೆ. ಹೆಬ್ಬಾತೇ ಇವಳನ್ನು ಕುಕ್ಕಿ ಕುಕ್ಕಿ ಕೊಂದುಹಾಕಿತು. ಆಟದಲ್ಲಿ ಸತ್ತರೆ ಮತ್ತೆ ಬಾವಿಯ ಪಕ್ಕದಲ್ಲಿ ಎದ್ದು ನಿಲ್ಲುತ್ತಾರೆ, ಸರಿ. ಎದ್ದಳು. ಮತ್ತೆ ಕೊಂದಿತು.

ತಡೆಯಲಾರದೆ ಮೌಸ್‌ಗೆ ಕೈ ಹಾಕಿದೆ.

"ಅಕ್ಕಾ, ಕೈ ತೆಗಿ."

"ನಾನು ಒಂದೇ ಒಂದು ಸಲ..."

"ಅಕ್ಕಾ."

ತೆಗೆದೆ. ಒಂದು ಬಾತುಕೋಳಿ ಜಾತಿಯದಕ್ಕೆ ಇಷ್ಟು ಸೊಕ್ಕು ಯಾಕೋ!

ಮಾರ್ಚ್ ೧೦, ಮಂಗಳವಾರ

ಒಂದು ಕೆಲಸ ಮಾಡಿದ್ದೇನೆ. ತಂಗಿಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.

ಅವಳು ಸ್ನಾನಕ್ಕೆ ಹೋದಾಗ ಕಮ್ಮಾರನಿಗೆ ಫೋನ್ ಮಾಡಿ, ಆ ಹುಡುಗಿಗೆ ಮೈಮೇಲೆ ಒಂದು ನೆಟ್ಟಗಿನ ಬಟ್ಟೆಯಾದರೂ ಕೊಡಬಾರದೇ ಎಂದು ಕೇಳಿದೆ. ಅವನು ನಕ್ಕ. "ಕೊಡಬಹುದಕ್ಕಾ, ಎಲ್ರೂ ಕೊಡ್ತಾರೆ. ಹಳಬರು ಹೊಸ ವೇಷ ಕಟ್ಟಿದಾಗ ತಮ್ಮ ಹಳೇ ಪೆಟ್ಟಿಗೆಯಿಂದ ಒಳ್ಳೊಳ್ಳೆ ಆಯುಧ, ಕವಚ ತೆಗೆದು ತೊಡಿಸಿಬಿಡ್ತಾರೆ. ಅಂಥವರಿಗೆ ನಾವು ‘ತೊಟ್ಟಿಲ ರಾಜ’ ಅಂತೀವಿ. ಆದ್ರೆ ನಿಮ್ಮ ತಂಗಿ ಬಿರುಗಾಳಿಯ ಸಾಮಾನು ಮುಟ್ಟಲ್ಲ ಅಂತ ಹಟ ಹಿಡಿದಿದ್ದಾಳೆ."

"ಅವಳು ಮುಟ್ಟೋದು ಬೇಡ. ಬೇರೆ ಯಾರೋ ಕೊಟ್ಟ ಹಾಗೆ ಕೊಡೋಣ" ಎಂದೆ.

ಹಾಗಾಗಿ ಅಂಗಡಿಯ ಕಂಪ್ಯೂಟರಿಗೆ ಆಟ ಬಂತು. ಗಿರಾಕಿಗಳಿಗೆ ಕಾಲರಿನ ಚಿತ್ರ ತೋರಿಸುವ ಕಂಪ್ಯೂಟರ್ ಅದು. ನಾನೂ ಒಂದು ವೇಷ ಕಟ್ಟಿದೆ. ಹೆಸರು ಕೇಳಿತು. ಎದುರಿಗೆ ಹೊಲಿಗೆ ಮೆಷಿನ್ ಇತ್ತು, ಅಡಿದಾರ ಸುತ್ತುವ ಬಾಬಿನ್ ಖಾಲಿಯಾಗಿತ್ತು. ‘ಬಾಬಿನ್’ ಎಂದು ಹಾಕಿದೆ. ಯಾರಿಗೂ ಗುರುತು ಸಿಗದ ಹೆಸರು. ಬಾವಿಯ ಹತ್ತಿರ ನಡೆಯುವುದು ಕಲಿಯಲು ಒಂದು ಗಂಟೆ ಹಿಡಿಯಿತು. ಅದರಲ್ಲಿ ಬಹುಪಾಲು ಗೋಡೆಗೆ ಮುಖ ಮಾಡಿಕೊಂಡು ನಡೆದೆ. ಕಮ್ಮಾರ ಬಂದು ಗುಂಪಿನ ಉಗ್ರಾಣದಿಂದ ತಂದ ಗಂಟನ್ನು ನನ್ನ ಕೈಗೆ ಹಾಕಿ ಹೋದ. ಉಕ್ಕಿನ ಎದೆಗವಚ, ಚರ್ಮದ ಬೂಟು, ಒಂದು ಉಂಗುರ, ನೀಲಿ ಮೇಲಂಗಿ, ‘ಮಂಜಿನ ಕತ್ತಿ’ ಎಂಬ ಕತ್ತಿ.

ಸಂಜೆ ಮಹಡಿಯ ಮೇಲೆ ತಂಗಿ ಆಟ ತೆರೆದ ಸದ್ದು ಕೇಳಿದೊಡನೆ ಕೆಳಗೆ ಅಂಗಡಿಯಲ್ಲಿ ನಾನೂ ಕುಳಿತೆ. ಕಡ್ಡಿ ಬಾವಿಯ ಹತ್ತಿರ ಎದ್ದು ನಿಂತಳು. ಗಂಟು ಕೊಟ್ಟೆ.

‘ಯಾರು ನೀವು?’ ಎಂದು ಅಕ್ಷರ ಮೂಡಿತು.

‘ಒಬ್ಬ ದಾರಿಹೋಕ’ ಎಂದು ಟೈಪ್ ಮಾಡಿದೆ. ಅವಳು ಎಲ್ಲವನ್ನೂ ತೊಟ್ಟುಕೊಂಡಳು. ಮೇಲಂಗಿ ನೆಲ ಗುಡಿಸುತ್ತಿತ್ತು. ‘ಅಂಚು ಎಡಗಡೆ ಇಳಿಬಿದ್ದಿದೆ, ಎತ್ತಿ ಕಟ್ಟಿಕೊಳ್ಳಿ’ ಎಂದು ಹೇಳಿ ಬಂದೆ.

ಊಟಕ್ಕೆ ಕುಳಿತಾಗ, "ಯಾರೋ ಪುಣ್ಯಾತ್ಮರು ಕಡ್ಡಿಗೆ ಕವಚ ಕೊಟ್ರು ಕಣಕ್ಕ" ಎಂದಳು.

"ಹೌದಾ? ಒಳ್ಳೇ ಜನ ಇನ್ನೂ ಇದ್ದಾರೆ" ಎಂದು ಅವಳ ತಟ್ಟೆಯ ಸೇಬು ಹೆಚ್ಚಿಕೊಟ್ಟೆ. ಅವಳು ನನ್ನನ್ನೇ ನೋಡುತ್ತಿದ್ದಳು. ಬಹುಶಃ ಸೇಬು ದಪ್ಪ ಹೆಚ್ಚಿದ್ದೆ.

ಮಾರ್ಚ್ ೧೪, ಶನಿವಾರ

ಹೆಬ್ಬಾತುಗಳ ಕಾಲ ಮುಗಿಯಿತು! ಕಡ್ಡಿ ಒಂದು ಸಲ ಕತ್ತಿ ಬೀಸಿದರೆ ಒಂದು ಹೆಬ್ಬಾತು ಮಟಾಷ್. ಅವು ಕುಕ್ಕಿದರೆ ಕವಚಕ್ಕೆ ಗೀರೂ ಬೀಳುವುದಿಲ್ಲ. ನಾನು ಬಾವಿಯ ಕಟ್ಟೆಯ ಮೇಲೆ ಕುಳಿತು ನೋಡಿದೆ. ಇಷ್ಟು ಖುಷಿಪಟ್ಟು ತುಂಬಾ ದಿನವಾಗಿತ್ತು.

ಈ ವಾರ ಇನ್ನೊಂದು ಕೆಲಸವನ್ನೂ ಮಾಡಿ ಮುಗಿಸಿದೆ. ಬೆಳಿಗ್ಗೆ ತಂಗಿ ಅಂಗಿಯ ಗುಂಡಿ ಹಾಕಿಕೊಳ್ಳಲು ಪಡುವ ಪಾಡು ನೋಡಲಾಗುತ್ತಿರಲಿಲ್ಲ. ನಾನು ಟೈಲರ್ ಆಗಿ ಏನು ಪ್ರಯೋಜನ? ಅವಳ ಅಷ್ಟೂ ಅಂಗಿಗಳ ಗುಂಡಿ ಬಿಚ್ಚಿ ಒಳಗೆ ಅಂಟುಪಟ್ಟಿ ಹೊಲಿದೆ. ಒತ್ತಿದರೆ ಅಂಟುತ್ತದೆ, ಎಳೆದರೆ ಚರ್ರೆಂದು ಬಿಚ್ಚುತ್ತದೆ. ಗುಂಡಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಅವಳು ತೊಟ್ಟು ನೋಡಿ, "ಎಷ್ಟು ಸುಲಭ ಆಯ್ತಲ್ಲಕ್ಕ" ಎಂದಳು.

ಮಾರ್ಚ್ ೧೯, ಗುರುವಾರ

ಎಲ್ಲ ಸುಗಮ. ಕಡ್ಡಿಯ ಮಟ್ಟ, ಎಂದರೆ ಆಟದೊಳಗಿನ ದರ್ಜೆ, ಏರುತ್ತಲೇ ಇದೆ. ತಂಗಿ ಈಗ ಎಡಗೈಯಲ್ಲೇ ಮೌಸ್ ಹಿಡಿದು, ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಆಕಳಿಸುತ್ತಾ ಆಡುತ್ತಾಳೆ. ಒಂದೇ ಏಟು ಸಾಕಲ್ಲ. ಸದ್ಯ, ಬಲಗೈಗೆ ನೋವಿಲ್ಲ.

ಮಾರ್ಚ್ ೨೨, ಭಾನುವಾರ

ಕಮ್ಮಾರನಲ್ಲಿ ಶಿರಸ್ತ್ರಾಣ ಕೇಳಿದೆ. ಕೊಂಬಿರುವುದು. ಅವನು ತಲೆ ಕೆರೆದುಕೊಂಡ ಸದ್ದು ಫೋನಿನಲ್ಲೇ ಕೇಳಿಸಿತು.

"ಇನ್ನು ಸಾಕಕ್ಕಾ. ಮೂಗಿಗಿಂತ ಮೂಗುತಿ ಭಾರ ಆಗುತ್ತೆ."

"ನಿನ್ನ ಉಗ್ರಾಣದ ಗಂಟೇನು ಹೋಗುತ್ತೆ? ಕೊಡಪ್ಪಾ."

"ಉಗ್ರಾಣದ ಮಾತಲ್ಲ..." ಎಂದು ಏನೋ ಶುರುಮಾಡಿದ. ಗಿರಾಕಿ ಬಂದರು, ಫೋನ್ ಇಟ್ಟೆ. ಶಿರಸ್ತ್ರಾಣ ಮಾತ್ರ ಕಳಿಸಿಕೊಟ್ಟ. ಕಡ್ಡಿಗೆ ಚೆನ್ನಾಗಿ ಒಪ್ಪುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದರೆ ಎನ್ನಲಿ.

ಮಾರ್ಚ್ ೨೮, ಶನಿವಾರ

ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಕಡ್ಡಿಯ ಮಟ್ಟ ನೋಡಿ ನಾಲ್ಕು ಜನ ಹೊಸಬರು ಅವಳನ್ನು ತಮ್ಮ ಜೊತೆ ಉಪ್ಪಿನ ಗಣಿಗೆ ಕರೆದರು. ಅವಳ ಕವಚ, ಕೊಂಬು ಎಲ್ಲ ನೋಡಿ, ‘ನೀವು ಮುಂದೆ ನಿಂತು ಏಟು ತಡೀರಿ, ನಾವು ಹಿಂದಿನಿಂದ ಹೊಡೀತೀವಿ’ ಎಂದರು. ಆಗ ತಂಗಿ ಎಡಗೈ ಬಿಟ್ಟು ಬಲಗೈಗೆ ಮೌಸ್ ತೆಗೆದುಕೊಂಡಳಂತೆ. ನಾನು ಗಣಿಯ ಬಾಯಲ್ಲಿ ನಿಂತು ಇಣುಕುತ್ತಿದ್ದೆ.

ಒಳಗಿದ್ದದ್ದು ಹೆಬ್ಬಾತಲ್ಲ. ಕಲ್ಲಿನ ಮೈಯ ದೈತ್ಯ. ಅವನು ಕೊಡಲಿ ಎತ್ತಿದಾಗ ಕಡ್ಡಿ ತಡೆಯಬೇಕಿತ್ತು. ಕತ್ತಿ ಅಡ್ಡ ಹಿಡಿದಳು, ಜಾರಿತು. ಮತ್ತೆ ಹಿಡಿದಳು, ಜಾರಿತು. ಒಂದೇ ಒಂದು ಏಟನ್ನೂ ತಡೆಯಲಾಗಲಿಲ್ಲ. ಕಡ್ಡಿ ಸತ್ತಳು, ಅವಳ ಹಿಂದೆ ನಿಂತಿದ್ದವರೆಲ್ಲ ಸತ್ತರು. ಬಾವಿಯ ಹತ್ತಿರ ಎದ್ದವರು ಸುಮ್ಮನಿರಲಿಲ್ಲ. ‘ಇಷ್ಟು ಮಟ್ಟ ಏರಿದ್ರೂ ತಡೆಯೋಕೆ ಬರಲ್ವಾ? ಯಾರದೋ ಬಟ್ಟೆ ಹಾಕ್ಕೊಂಡು ಬಂದುಬಿಡೋದು’ ಎಂದ ಒಬ್ಬ. ಕಡ್ಡಿ ನಿಂತಲ್ಲೇ ಮಾಯವಾದಳು.

ಮೇಲೆ ಹೋದೆ. ತಂಗಿ ಕಿಟಕಿಯ ಹತ್ತಿರ ನಿಂತಿದ್ದಳು.

"ಅಕ್ಕಾ, ಸಲೂನಿಗೆ ಫೋನ್ ಮಾಡಿ ಕುರ್ಚಿ ಬೇರೆಯವರಿಗೆ ಕೊಟ್ಟುಬಿಡಿ ಅಂತ ಹೇಳ್ತೀನಿ."

"ಹುಚ್ಚಿ! ಒಂದು ಆಟಕ್ಕೆ..."

"ಆಟ ಅಲ್ಲ. ಈ ಕೈ ನೋಡು. ಪಟ್ಟಿ ಬಿಚ್ಚಿದ ದಿನ ಎಲ್ಲಿತ್ತೋ ಅಲ್ಲೇ ಇದೆ."

ನೋಡಿದೆ. ಹೆಬ್ಬೆರಳು ಹೊರಟು ಅದೇ ಅರ್ಧ ದಾರಿಯಲ್ಲಿ ನಿಂತಿತು. ಫೋನ್ ಮಾಡುವುದು ಬೇಡ, ಸ್ವಲ್ಪ ತಾಳು ಎಂದು ಬೇಡಿಕೊಂಡೆ.

ಏಪ್ರಿಲ್ ೨, ಗುರುವಾರ

ಕಮ್ಮಾರನಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. ಇಂಥ ಕವಚ ಹಾಕಿದರೂ ಸಾಯುವುದಾದರೆ ಅದೆಂಥ ಕವಚ? ಕಳಪೆ ಮಾಲು ಕೊಟ್ಟೆಯಾ?

ಅವನು ಬೈಸಿಕೊಂಡು ಮುಗಿಸಿ ಹೇಳಿದ. "ಅಕ್ಕಾ, ಮಟ್ಟ ಬೇರೆ, ವಿದ್ಯೆ ಬೇರೆ. ಹೆಬ್ಬಾತು ಹೊಡೆದ್ರೆ ಮಟ್ಟ ಏರುತ್ತೆ. ಆದ್ರೆ ತಡೆಯೋ ವಿದ್ಯೆ ಏರೋದು ಏಟು ತಿಂದಾಗ ಮಾತ್ರ. ಒಂದೊಂದು ಏಟಿಗೆ ಒಂದೊಂದು ಚೂರು. ನೀವು ಕೊಟ್ಟ ಕವಚದಲ್ಲಿ ಅವಳಿಗೆ ಏಟೇ ಬೀಳಲಿಲ್ಲ. ಕತ್ತಿವಿದ್ಯೇನೂ ಅಷ್ಟೇ, ಒಂದೇ ಏಟಿಗೆ ಎಲ್ಲಾ ಸತ್ತರೆ ಕೈ ಪಳಗೋದು ಯಾವಾಗ? ಅಟ್ಟ ಹತ್ತಿಸದೆ ಬೆಟ್ಟಕ್ಕೆ ಕಳಿಸಿದ ಹಾಗಾಯ್ತು. ಅವತ್ತು ಹೇಳೋಕೆ ಬಂದೆ, ನೀವು ಫೋನ್ ಇಟ್ರಿ."

ಎಂಥ ದರಿದ್ರ ಆಟ! ಪೆಟ್ಟು ತಿಂದರೆ ಮಾತ್ರ ವಿದ್ಯೆ ಬರುತ್ತದಂತೆ. ಯಾರು ಮಾಡಿದರೋ ಇಂಥ ನಿಯಮ. ಅವರ ಮನೆಯಲ್ಲಿ ಅಕ್ಕ ತಂಗಿ ಯಾರೂ ಇರಲಿಲ್ಲವೇನೋ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕಮ್ಮಾರ ಮನಸ್ಸಿನಲ್ಲಿ ಅಂದುಕೊಂಡಿರಬಹುದು, ಅನ್ನಲಿ.

ಮಧ್ಯಾಹ್ನ ಅಂಗಡಿಯಲ್ಲಿ ಕೆಲಸ ಇರಲಿಲ್ಲ. ತಂಗಿಯ ಅಂಗಿಗಳ ಅಂಟುಪಟ್ಟಿ ಬಿಚ್ಚಿ ಗುಂಡಿಗಳನ್ನು ಮತ್ತೆ ಹೊಲಿದೆ. ಅಂಟುಪಟ್ಟಿಗೆ ಒಗೆದಾಗಲೆಲ್ಲ ನೂಲು, ಕಸ ಮೆತ್ತಿಕೊಳ್ಳುತ್ತದೆ, ಅದಕ್ಕೇ. ದೊಡ್ಡ ಗುಂಡಿ ಹಾಕೋಣ ಎಂದು ಹೊರಟಿದ್ದೆ. ಆಮೇಲೆ ಡಬ್ಬಿಯಲ್ಲಿದ್ದ ಹಳೆಯವನ್ನೇ ಹಾಕಿದೆ.

ಏಪ್ರಿಲ್ ೫, ಭಾನುವಾರ

ಇಂದು ಕಡ್ಡಿ ಬಂದಳು! ಬರುವುದಿಲ್ಲ ಎಂದುಕೊಂಡಿದ್ದೆ. ಬಾಬಿನ್ ಎಂದಿನಂತೆ ಬಾವಿಕಟ್ಟೆಯ ಮೇಲೆ ಕುಳಿತಿದ್ದಳು. ಕಡ್ಡಿ ನೇರ ಎದುರಿಗೆ ಬಂದು ನಿಂತು ಶಿರಸ್ತ್ರಾಣ ತೆಗೆದಿಟ್ಟಳು. ಉಂಗುರ ಇಟ್ಟಳು. ಕತ್ತಿ, ಎದೆಗವಚ, ಬೂಟು, ಕೊನೆಗೆ ನೀಲಿ ಮೇಲಂಗಿ. ಗೋಣಿತಾಟಿನ ಅಂಗಿಯಲ್ಲಿ, ಬರಿಗಾಲಲ್ಲಿ ನಿಂತಳು.

‘ಇವು ನಿಮ್ಮವು. ಇಟ್ಕೊಳ್ಳಿ. ತುಂಬಾ ಉಪಕಾರ ಆಯ್ತು’ ಎಂದು ಬರೆದಳು.

ನನಗೆ ಕಣ್ಣು ತುಂಬಿ ಅಕ್ಷರ ಕಾಣಿಸಲಿಲ್ಲ. ಅಷ್ಟರಲ್ಲಿ ಅವಳೇ ಬರೆದಳು: ‘ನೀವೂ ಬನ್ನಿ. ಹೆಬ್ಬಾತು ಓಡಿಸೋಣ. ಎಷ್ಟು ದಿನ ಅಂತ ಕಟ್ಟೆ ಮೇಲೆ ಕೂತಿರ್ತೀರಿ?’

ಹೋದೆ. ನನಗೂ ಕೋಲು, ಗೋಣಿತಾಟು. ಒಂದು ಹೆಬ್ಬಾತು ನನ್ನನ್ನು ಬೇಲಿಯ ಸುತ್ತ ಅಟ್ಟಾಡಿಸಿತು. ಕಡ್ಡಿಯನ್ನು ಇನ್ನೊಂದು ಕುಕ್ಕುತ್ತಿತ್ತು. ಬಾಬಿನ್‌ಗೆ ಗಾಯಕ್ಕೆ ಪಟ್ಟಿ ಕಟ್ಟುವ ವಿದ್ಯೆ ಇದೆ. ಓಡಿಹೋಗಿ ಪಟ್ಟಿ ಕಟ್ಟಿದೆ. ಇನ್ನೊಂದು ಕಟ್ಟಲು ಹೋದೆ.

‘ಬೇಡ. ನಾನು ಕೇಳಿದಾಗ ಕಟ್ಟಿ’ ಎಂದಳು.

ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡೆ. ಅವಳು ಕೇಳಲೇ ಇಲ್ಲ, ಸತ್ತಳು. ಎದ್ದು ಬಂದಳು. ಮತ್ತೆ ಹೋದಳು. ಮಹಡಿಯಿಂದ ಮೌಸ್ ಒತ್ತುವ ಟಿಕ್ ಟಿಕ್ ಸದ್ದು ಕೇಳುತ್ತಿತ್ತು. ನಿಧಾನ, ಒಂದು ಏಟಿಗೂ ಮತ್ತೊಂದಕ್ಕೂ ನಡುವೆ ಉಸಿರೆಳೆದುಕೊಳ್ಳುವಷ್ಟು ಹೊತ್ತು. ಬಲಗೈ ಅದು.

ಏಪ್ರಿಲ್ ೯, ಗುರುವಾರ

ಕಡ್ಡಿ ಒಂದು ಏಟು ತಡೆದಳು. ಹೆಬ್ಬಾತು ಸತ್ತಿತು. ಆಮೇಲೆ ಅದರ ಬಳಗ ಬಂದು ನಮ್ಮಿಬ್ಬರನ್ನೂ ಕೊಂದಿತು. ಮಹಡಿಯ ಮೇಲೆ ತಂಗಿ ಬಿದ್ದು ಬಿದ್ದು ನಗುವುದು ಕೇಳಿಸಿತು. ಕೆಳಗೆ ಬಾಯಿಗೆ ಬಟ್ಟೆ ತುರುಕಿಕೊಂಡು ನಾನೂ ನಕ್ಕೆ. ಗಿರಾಕಿಯ ಕೋಟಿನ ತೋಳು ಅದು. ಒಗೆದು ಕೊಡಬೇಕು.

ಏಪ್ರಿಲ್ ೧೭, ಶುಕ್ರವಾರ

ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ಹೋಗಬೇಕಿತ್ತು. ಕೋಟು ಹಾಕಿಕೊಂಡು, ಬೀಗ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ತಂಗಿ ಕನ್ನಡಿಯ ಮುಂದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು. ಮೊದಲನೆಯದು ಬೇಗ ಹೋಯಿತು. ಎರಡನೆಯದು ಕಾಜಾದೊಳಗೆ ಅರ್ಧ ತೂರಿ ವಾಪಸು ಬಂತು. ಮೂರನೆಯದಕ್ಕೆ ಬೆರಳು ನಡುಗಿತು. ಅಳತೆಯ ಟೇಪು ಕೋಟಿನ ಜೇಬಿನಲ್ಲಿತ್ತು. ತೆಗೆದು ಸುತ್ತಿದೆ, ಬಿಚ್ಚಿದೆ, ಸುತ್ತಿದೆ.

"ಹೊತ್ತಾಯ್ತಾ ಅಕ್ಕಾ?"

"ಇಲ್ಲ, ಇಲ್ಲ. ಬಸ್ಸು ಇನ್ನೊಂದು ಬರುತ್ತೆ."

ಅದೂ ಹೋಯಿತು, ಅದರ ಹಿಂದಿನದೂ ಹೋಯಿತು. ಎಲ್ಲ ಗುಂಡಿ ಹಾಕಿ ಮುಗಿಸಿ ನೋಡಿದರೆ ಒಂದು ಗುಂಡಿ ತಪ್ಪಿ ಕೆಳಗಿನ ಕಾಜಾಕ್ಕೆ ಹೋಗಿದೆ. ಅಂಗಿಯ ಅಂಚು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ನಾನು ಬೀದಿಯಲ್ಲಿ ಹೋಗುವ ಅಪರಿಚಿತರನ್ನೂ ನಿಲ್ಲಿಸಿ ಕಾಲರ್ ಸರಿಮಾಡುವವಳು. ಬೀಗ ಹಾಕಿದೆ, ನಡೆದೆವು. ಡಾಕ್ಟರಮ್ಮ ಆ ಅಂಗಿ ನೋಡಿ, "ಯಾರು ಹಾಕಿದ್ದು ಗುಂಡಿ?" ಎಂದು ಕೇಳಿ, ತಂಗಿ "ನಾನೇ" ಎಂದಾಗ ಬೆನ್ನು ತಟ್ಟಿದರು.

ಅಂಗಡಿಯ ತುಂಡು ಬಟ್ಟೆಗಳನ್ನು ಈಗ ತಂಗಿಗೆ ಕೊಡುತ್ತಿದ್ದೇನೆ, ಕತ್ತರಿ ಪಳಗಲು. ಅವಳು ಕತ್ತರಿಸಿದ್ದು ಹಾವು ಹರಿದ ಹಾಗಿದೆ. ಚೆನ್ನಾಗಿದೆ ಎಂದು ಸುಳ್ಳು ಹೇಳಲಿಲ್ಲ. ಇನ್ನೊಂದು ತುಂಡು ಕೊಟ್ಟೆ.

ಏಪ್ರಿಲ್ ೨೬, ಭಾನುವಾರ

ಮುಂದಿನ ಭಾನುವಾರ ಸಲೂನಿನ ಪರೀಕ್ಷೆ. ಯಜಮಾನಿಗೆ ಫೋನ್ ಮಾಡಿ, ಸ್ವಲ್ಪ ನೋಡಿಕೊಂಡು ಮಾಡಮ್ಮ, ಕೈ ಇನ್ನೂ ಪೂರ್ತಿ ಪಳಗಿಲ್ಲ ಎಂದು ಒಂದು ಮಾತು ಹೇಳೋಣ ಅನ್ನಿಸಿತು. ನಂಬರ್ ಒತ್ತಿದೆ. ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ. ಯಾಕೋ, ಯಜಮಾನಿ ಮಲಗಿರಬಹುದು ಅನ್ನಿಸಿತು.

ತಿಂಡಿಗೆ ಕುಳಿತಿದ್ದೆವು. ತಂಗಿ ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ, ತಲೆ ಎತ್ತದೆ, "ಬಾಬಿನ್, ಉಪ್ಪು ಕೊಡು" ಎಂದಳು.

ಕೊಟ್ಟೆ. ಕೊಟ್ಟಮೇಲೆ ಹೊಳೆಯಿತು.

"ಯಾವಾಗಿಂದ ಗೊತ್ತು?"

"ಮೊದಲನೇ ದಿನದಿಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಮನೆಯವರಿಗೆ ಕಾಣಲ್ವಾ? ಯಾವ ದಾರಿಹೋಕ ಅಕ್ಕಾ, ಮೇಲಂಗಿ ಅಂಚು ಎಡಗಡೆ ಇಳಿಬಿದ್ದಿದೆ ಅಂತ ಹೇಳೋದು? ಹೆಸರು ಬೇರೆ ಬಾಬಿನ್!"

ನನಗೆ ನಾಚಿಕೆಯಾಗಿ ಕಿವಿ ಬಿಸಿಯಾಯಿತು. "ಗೊತ್ತಿದ್ದೂ ಯಾಕೆ ಹಾಕ್ಕೊಂಡೆ? ಬಿರುಗಾಳಿಯ ಸಾಮಾನನ್ನೇ ಮುಟ್ಟಲ್ಲ ಅಂದಿದ್ದೆಯಂತೆ. ಏಟು ಬೀಳದಿದ್ರೆ ವಿದ್ಯೆ ಬರಲ್ಲ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

ಅವಳು ಸಿಪ್ಪೆಯ ಕೊನೆಯ ಚೂರು ಬಿಡಿಸಿ ತಟ್ಟೆಯಂಚಿಗಿಟ್ಟಳು. ಆಮೇಲೆ ಹೇಳಿದಳು. "ನನ್ನ ಕೈ ಹೀಗಾದಾಗಿನಿಂದ ನೀನು ನಕ್ಕೇ ಇರಲಿಲ್ಲ. ಕಡ್ಡಿ ಕವಚ ಹಾಕ್ಕೊಂಡ ದಿನ ಊಟಕ್ಕೆ ಕೂತಾಗ ನೀನು ಹಾಡು ಗುನುಗ್ತಾ ಸೇಬು ಹೆಚ್ಚುತ್ತಿದ್ದೆ. ಅದನ್ನ ಬಿಚ್ಚೋಕೆ ನನಗೆ ಮನಸ್ಸು ಬರಲಿಲ್ಲ."

ಹಾಡು ಗುನುಗಿದ್ದು ನನಗೆ ನೆನಪಿಲ್ಲ. ಅವಳ ಮೊಟ್ಟೆಗೆ ಮೆಣಸಿನ ಪುಡಿ ಹಾಕಲು ಕೈ ಹೊರಟಿತ್ತು. ಹಿಂದಕ್ಕೆ ತೆಗೆದುಕೊಂಡು ನನ್ನದಕ್ಕೇ ಹಾಕಿಕೊಂಡೆ. ಜಾಸ್ತಿಯಾಯಿತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೂ ಇರಬಹುದು.

ಮೇ ೩, ಭಾನುವಾರ

ಕಮ್ಮಾರ ತನ್ನ ತಲೆ ಕೊಡುತ್ತೇನೆ ಎಂದು ವ್ಯಾನ್ ತೆಗೆದುಕೊಂಡೇ ಸಲೂನಿಗೆ ಬಂದಿದ್ದ. ಮೊದಲ ಸಲ ಮುಖ ನೋಡಿದೆವು. ದನಿ ಕೇಳಿ ಅಂದುಕೊಂಡದ್ದಕ್ಕಿಂತ ಗಿಡ್ಡ. "ನನ್ನ ತಲೇಲಿ ಇರೋದೇ ನಾಲ್ಕು ಕೂದಲು. ಎರಡು ಕತ್ತರಿಸಿದ್ರೆ ಪಾಸು" ಎಂದ. ನನಗೂ ಅದೇ ಸರಿ ಅನ್ನಿಸಿತು.

ತಂಗಿ ತಲೆ ಅಲ್ಲಾಡಿಸಿದಳು. "ಅಕ್ಕ ಕೂತ್ಕೊಳ್ಳಲಿ."

"ನಂದು ಬೇಡ ಕಣೇ. ದಪ್ಪ, ಹಟಮಾರಿ ಕೂದಲು. ಕತ್ತರೀನೇ ಓಡಲ್ಲ ಅಂತ ನೀನೇ ಹೇಳ್ತಿದ್ದೆ."

"ಅದಕ್ಕೇ" ಎಂದಳು.

ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತೆ. ತಂಗಿ ಕುತ್ತಿಗೆಗೆ ಬಟ್ಟೆ ಸುತ್ತಿ ಕಟ್ಟಿದಳು. ಗಂಟು ಹಾಕಲು ಹೊತ್ತು ಹಿಡಿಯಿತು. ಯಜಮಾನಿ ಕೈಕಟ್ಟಿ ಪಕ್ಕದಲ್ಲಿ ನಿಂತಳು. ಕತ್ತರಿ ಶುರುವಾಯಿತು. ಕಿವಿಯ ಹತ್ತಿರ ಅದರ ಸದ್ದು ಕೇಳುತ್ತಾ ಅವಳ ಕೈ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸೋಲುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಕತ್ತರಿಯ ಸದ್ದು ನನ್ನ ಜೀವನವಲ್ಲವೇ. ಬಲಗಡೆ ಮುಗಿಯಿತು. ಎಡಕ್ಕೆ ಬಂದಾಗ ಕೈ ದಣಿದಿತ್ತು. ಕತ್ತರಿ ಜಾರಿ ನೆಲಕ್ಕೆ ಬಿತ್ತು, ನನ್ನ ಕಾಲಿನ ಪಕ್ಕದಲ್ಲೇ.

ಬಗ್ಗಿದರೆ ಕೈಗೆ ಸಿಗುತ್ತಿತ್ತು. ನಾನು ಕನ್ನಡಿ ನೋಡುತ್ತಾ ಕುಳಿತೆ. ಕನ್ನಡಿಯಲ್ಲಿ ತಂಗಿ ಬಗ್ಗಿ ಕಾಣದಾದಳು. ನೆಲದ ಮೇಲೆ ಕತ್ತರಿ ಒಂದೆರಡು ಸಲ ಸರಿದ ಸದ್ದು. ಯಜಮಾನಿಯೂ ಕದಲಲಿಲ್ಲ. ಆಮೇಲೆ ತಂಗಿ ಎದ್ದಳು, ಮುಖ ಕೆಂಪಾಗಿತ್ತು, ಹೆಬ್ಬೆರಳು ತೋರುಬೆರಳ ನಡುವೆ ಕತ್ತರಿ ಇತ್ತು. ಒರೆಸಿದಳು, ಕೈಯನ್ನು ಒಮ್ಮೆ ಕೊಡವಿದಳು, ಮತ್ತೆ ಶುರು ಮಾಡಿದಳು.

ಮುಗಿದಾಗ ಯಜಮಾನಿ ನನ್ನ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಎಡಗಡೆ ಮೇಲಕ್ಕೆ ಹೋಗಿದೆ."

"ಹೌದು. ಕೈ ಸೋತಿತ್ತು" ಎಂದಳು ತಂಗಿ. ನೆಪ ಹೇಳಲಿಲ್ಲ.

"ಹೂಂ. ಮಂಗಳವಾರದಿಂದ ಬಾ. ಮಧ್ಯಾಹ್ನ ಮಾತ್ರ. ಕೈ ಸೋತಾಗ ನಿಲ್ಲಿಸಿ ನನಗೆ ಹೇಳು. ಕುರ್ಚಿ ಎಲ್ಲೂ ಹೋಗಲ್ಲ."

ಕಮ್ಮಾರ ವ್ಯಾನಿನಿಂದ ಒಂದು ದೊಡ್ಡ ಬ್ರೆಡ್ ತಂದು ತಂಗಿಯ ಕೈಗಿಟ್ಟ. ಅವಳು ಅಳುತ್ತಾ ಅದನ್ನೇ ತಬ್ಬಿಕೊಂಡಳು, ಬ್ರೆಡ್ಡು ಚಪ್ಪಟೆಯಾಯಿತು.

ಮೇ ೫, ಮಂಗಳವಾರ

ಮಧ್ಯಾಹ್ನ ಅವಳು ಹೊರಟಳು. ಮೇಲಿನ ಮಹಡಿ ನಿಶ್ಶಬ್ದ. ಅಂಗಡಿಯಲ್ಲಿ ಒಬ್ಬಳೇ.

ಅಳತೆ ತೆಗೆಯುವ ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡೆ. ಎಡಗಡೆ ಕೂದಲು ಬಲಗಡೆಗಿಂತ ಒಂದು ಬೆರಳು ಗಿಡ್ಡ, ಕಿವಿಯ ಹಿಂದೆ ಒಂದು ಜುಟ್ಟು ಹಾಗೇ ಉಳಿದಿದೆ. ನನ್ನ ಕತ್ತರಿ ಕೈಯಲ್ಲೇ ಇತ್ತು. ಬಲಗಡೆ ಒಂದೇ ಒಂದು ಸಲ ಕಚಕ್ ಎನ್ನಿಸಿದರೆ ಸಮವಾಗುತ್ತಿತ್ತು. ಕತ್ತರಿಯನ್ನು ಮೇಜಿನ ಮೇಲಿಟ್ಟೆ.

ಕೋಟು ಒಯ್ಯಲು ಬಂದ ಹೆಂಗಸು ನನ್ನ ತಲೆಯನ್ನೇ ನೋಡುತ್ತಾ ನಿಂತಳು. ಹೇಳಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ, "ಟೈಲರಮ್ಮಾ, ಕೂದಲು ಯಾರು ಕತ್ತರಿಸಿದ್ದು?" ಎಂದಳು.

"ನನ್ನ ತಂಗಿ" ಎಂದೆ. "ಮೂಲೆ ಸಲೂನಿನಲ್ಲಿ, ಕಿಟಕಿ ಪಕ್ಕದ ಕುರ್ಚಿ. ಮಧ್ಯಾಹ್ನ ಮಾತ್ರ ಸಿಗ್ತಾಳೆ, ನೀವೂ ಹೋಗಿ."